ತಲವಾರು ಮತ್ತು ತಾಲೀಮು

ಅರಬಿ ಭಾಷೆಯಲ್ಲಿ 'ಇಲ್ಮ್' ಎಂದರೆ ಜ್ಞಾನ. ಅದೇ ಧಾತುವಿನಿಂದ ಬಂದ 'ತಅಲೀಮ್' ಎಂದರೆ ಕಲಿಸುವುದು, ಶಿಕ್ಷಣ. ನಮ್ಮಂತಹ ವಿದ್ಯಾಸಂಘಗಳು ಹುಟ್ಟಿದ್ದೇ ಈ ತಅಲೀಮಿನ ಸಲುವಾಗಿ. ಆದರೆ ಮಂಗಳೂರಿನ ಪೇಟೆಯಲ್ಲಿ ನಿಂತು 'ತಾಲೀಮು' ಎಂದು ಹೇಳಿ ನೋಡಿ. ಯಾರಿಗೂ ಕರಿಹಲಗೆಯಾಗಲಿ ಪುಸ್ತಕವಾಗಲಿ ನೆನಪಾಗುವುದಿಲ್ಲ. ಮೆರವಣಿಗೆಯ ಮುಂದೆ ಕೋಲು ತಿರುಗಿಸುವ, ಕತ್ತಿ ಝಳಪಿಸುವ, ಬೆಂಕಿಯ ಪಂಜು ಬೀಸುವ ಯುವಕರ ತಂಡ ನೆನಪಾಗುತ್ತದೆ. ಶಿಕ್ಷಣ ಎಂಬ ಅರ್ಥದ ಒಂದು ಪದ ನಮ್ಮ ಊರಿನಲ್ಲಿ ಕತ್ತಿವರಸೆಯ ಹೆಸರಾಗಿ ಉಳಿದುಕೊಂಡಿದೆ.

ಇದೇ ಜಿಲ್ಲೆಯಲ್ಲಿ ಕತ್ತಿಗೆ ಸಂಬಂಧಿಸಿದ ಇನ್ನೊಂದು ಪದವೂ ಇದೆ. ಅದು 'ತಲವಾರು'. ಪತ್ರಿಕೆಯಲ್ಲಿ ಈ ಪದ ಕಂಡರೆ ಸಾಕು, ತಾಯಂದಿರು ಮಕ್ಕಳನ್ನು ಸಂಜೆಗೆ ಮೊದಲೇ ಮನೆಗೆ ಕರೆಸಿಕೊಳ್ಳುತ್ತಾರೆ. ಅಂಗಡಿಗಳ ಬಾಗಿಲು ಅರ್ಧಕ್ಕೆ ಇಳಿಯುತ್ತದೆ. ತಾಲೀಮಿನ ಕತ್ತಿಯೂ ತಲವಾರೇ. ಹಾಗಾದರೆ ಒಂದನ್ನು ನೋಡಲು ಜನ ಸೇರುವುದೇಕೆ, ಇನ್ನೊಂದರ ಸುದ್ದಿಗೆ ಜನ ಓಡುವುದೇಕೆ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ಆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮಸೀದಿಯಂಗಳದ ಆಟ

ಆಯುಧಗಳ ಆಟವನ್ನು ನೋಡಿ ಸಂತೋಷಪಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಬರುವ ಒಂದು ಘಟನೆ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಮದೀನಾದಲ್ಲಿ ಈದ್‌ನ ದಿನ ಅಬಿಸೀನಿಯದವರು ಈಟಿ, ಗುರಾಣಿಗಳನ್ನು ಹಿಡಿದು ಪ್ರವಾದಿಯವರ ಮಸೀದಿಯಲ್ಲಿಯೇ ಆಟವಾಡಿದರು. ಪ್ರವಾದಿ ಮುಹಮ್ಮದ್ (ಸ) ಅದನ್ನು ತಡೆಯಲಿಲ್ಲ. ಹಝ್ರತ್ ಆಯಿಶಾ (ರ) ಅವರ ಹಿಂದೆ ನಿಂತು, ತಮಗೆ ಸಾಕೆನಿಸುವವರೆಗೂ ಆ ಆಟವನ್ನು ನೋಡಿದರು. ಒಬ್ಬ ಮಹಿಳೆ ಆಯುಧವಿದ್ಯೆಯ ಪ್ರದರ್ಶನವನ್ನು ಮನಸಾರೆ ವೀಕ್ಷಿಸಿದ ದಾಖಲೆ ಇದು.

ಆದರೆ ಹದೀಸ್ ಸಂಗ್ರಹಗಳಲ್ಲಿ ಆಯುಧಕ್ಕೆ ಕಟ್ಟುನಿಟ್ಟಾದ ಅದಬೂ ಇದೆ. ತಮಾಷೆಗಾಗಿಯೂ ಸಹೋದರನತ್ತ ಆಯುಧ ತೋರಿಸಬಾರದು. ಒರೆಯಿಂದ ಹೊರಗಿರುವ ಖಡ್ಗವನ್ನು ಹಾಗೆಯೇ ಇನ್ನೊಬ್ಬರ ಕೈಗೆ ದಾಟಿಸಬಾರದು. ಕುಸ್ತಿಯಲ್ಲಿ ಕೆಡವುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ. ಆಟಕ್ಕೆ ಅನುಮತಿ, ಆಯುಧಕ್ಕೆ ನಿಯಮ ಎಂಬ ಈ ಎರಡೂ ಒಟ್ಟಿಗೇ ಬಂದಿರುವುದು ಗಮನಾರ್ಹ. 14ನೇ ಶತಮಾನದಲ್ಲಿ ದಮಾಸ್ಕಸ್‌ನಲ್ಲಿದ್ದ ವಿದ್ವಾಂಸ ಇಬ್ನುಲ್ ಖಯ್ಯಿಮ್ 'ಅಲ್ ಫುರೂಸಿಯ್ಯ' ಎಂಬ ಗ್ರಂಥದಲ್ಲಿ ವೀರವಿದ್ಯೆಯನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು ಜ್ಞಾನ ಮತ್ತು ಮಾತಿನದ್ದು, ಇನ್ನೊಂದು ಬಿಲ್ಲು ಮತ್ತು ಈಟಿಯದ್ದು. ಮಂಗಳೂರಿನ 'ತಾಲೀಮು' ಎಂಬ ಪದದಲ್ಲಿ ಈ ಎರಡೂ ಸೇರಿಕೊಂಡಿವೆ.

ಕನ್ನಡದ ಉಕ್ಕು, ಅರಬರ ಮುಹನ್ನದ್

ಖಡ್ಗದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ. ಇಸ್ಲಾಮಿಗೆ ಮೊದಲಿನ ಅರಬ್ ಕವಿಗಳ ಕಾಲದಿಂದಲೂ ಉತ್ತಮ ಖಡ್ಗಕ್ಕೆ 'ಮುಹನ್ನದ್' ಎಂಬ ಹೆಸರಿದೆ. ಹಿಂದ್‌ನ ಉಕ್ಕಿನಿಂದ, ಅಂದರೆ ನಮ್ಮ ದೇಶದ ಉಕ್ಕಿನಿಂದ ಮಾಡಿದ್ದು ಎಂದು ಅದರ ಅರ್ಥ. ಕಅಬ್ ಬಿನ್ ಝುಹೈರ್ (ರ) ಅವರು ಪ್ರವಾದಿಯವರ (ಸ) ಮುಂದೆ ಹಾಡಿದ ಪ್ರಸಿದ್ಧ 'ಬಾನತ್ ಸುಆದ್' ಕಾವ್ಯದಲ್ಲಿಯೂ ಈ ಪದ ಬರುತ್ತದೆ. 9ನೇ ಶತಮಾನದ ಬಗ್ದಾದಿನ ತತ್ವಜ್ಞಾನಿ ಅಲ್ ಕಿಂದೀ ಖಡ್ಗಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, ಯಮನ್ ಮತ್ತು ಹಿಂದ್‌ನ ಖಡ್ಗಗಳನ್ನು ಶ್ರೇಷ್ಠ ವರ್ಗದಲ್ಲಿ ಸೇರಿಸಿದರು.

ದಕ್ಷಿಣ ಭಾರತದಲ್ಲಿ ತಯಾರಾಗುತ್ತಿದ್ದ ಈ ಉಕ್ಕನ್ನು ಯುರೋಪಿಯನ್ನರು 'ವೂಟ್ಸ್' ಎಂದು ಕರೆದರು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದ ಒಂದು ಪ್ರಬಂಧದಿಂದ ಈ ಪದ ಅಲ್ಲಿ ಪ್ರಚಾರಕ್ಕೆ ಬಂತು. ಅದು ಕನ್ನಡದ 'ಉಕ್ಕು' ಎಂಬ ಪದದ ರೂಪಾಂತರ ಎಂದು ಹೆಚ್ಚಿನ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ, ಹಸಿರೆಲೆಗಳನ್ನಿಟ್ಟು, ಬಾಯಿ ಮುಚ್ಚಿ, ತಿದಿಯೂದಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತಿತ್ತು. ದಮಾಸ್ಕಸ್ ಖಡ್ಗಗಳ ಮೇಲೆ ಕಾಣುವ ನೀರಲೆಯಂತಹ ವಿನ್ಯಾಸದ ಗುಟ್ಟು ಇದೇ ಜಾತಿಯ ಉಕ್ಕಿನಲ್ಲಿತ್ತು. ಆ ಗುಟ್ಟನ್ನು ಬಿಡಿಸಲು ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೂ 1820ರ ಸುಮಾರಿಗೆ ಪ್ರಯೋಗಗಳನ್ನು ನಡೆಸಿದ. ಹೆಸರೇ ದಾಖಲಾಗದ ಕನ್ನಡ ನಾಡಿನ ಕಮ್ಮಾರರ ಕೈಚಳಕವನ್ನು ಅರ್ಥ ಮಾಡಿಕೊಳ್ಳಲು ಯುರೋಪಿನ ಪ್ರಯೋಗಾಲಯಗಳು ಬಹುಕಾಲ ಹೆಣಗಿದವು.

ಫಿರಿಶ್ತಾ ಕಂಡ ಬಿಜಾಪುರ

ಒಳ್ಳೆಯ ಉಕ್ಕು ಇದ್ದ ಮಾತ್ರಕ್ಕೆ ಒಳ್ಳೆಯ ತಾಲೀಮು ಹುಟ್ಟುವುದಿಲ್ಲ. ಇದಕ್ಕೆ ಸಾಕ್ಷಿ ನಮ್ಮದೇ ಬಿಜಾಪುರದಲ್ಲಿದೆ. ಆದಿಲ್‌ಶಾಹಿ ದೊರೆಗಳು ಆಯುಧವಿದ್ಯೆಯನ್ನು ಶಾಸ್ತ್ರವೆಂದೇ ತಿಳಿದಿದ್ದರು. 1570ರಲ್ಲಿ, ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಗ್ರಂಥದಲ್ಲಿ ಖಗೋಳ, ಜ್ಯೋತಿಷ್ಯಗಳ ಜತೆಗೆ ಆಯುಧಗಳ ಅಧ್ಯಾಯವೂ ಇದೆ. ಈ ಹಸ್ತಪ್ರತಿ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಪೋರ್ಚುಗೀಸರ ಮೂಲಕ ಬಂದ ನೇರವಾದ ಯುರೋಪಿಯನ್ ಅಲಗಿಗೆ ಇಲ್ಲಿಯ ಹಿಡಿಕೆ ಜೋಡಿಸಿ 'ಫಿರಂಗಿ' ಎಂಬ ಹೊಸ ಖಡ್ಗವನ್ನೂ ದಖ್ಖನಿನವರು ರೂಪಿಸಿಕೊಂಡರು.

ಇದೇ ಬಿಜಾಪುರದಲ್ಲಿ ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಮುಹಮ್ಮದ್ ಕಾಸಿಂ ಫಿರಿಶ್ತಾ 17ನೇ ಶತಮಾನದ ಆರಂಭದಲ್ಲಿ ತನ್ನ ಚರಿತ್ರೆಯನ್ನು ಬರೆದ. ನೆರೆಯ ಅಹ್ಮದ್‌ನಗರದ ಸಂಸ್ಥಾಪಕ ಅಹ್ಮದ್ ನಿಝಾಮ್‌ಶಾಹನ ಬಗ್ಗೆ ಬರೆಯುವಾಗ ಅವನು ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತಾನೆ. ಆ ದೊರೆಗೆ ಕತ್ತಿವರಸೆಯೆಂದರೆ ಬಹಳ ಪ್ರೀತಿ. ದೊರೆಯ ಹುಚ್ಚು ಪ್ರಜೆಗಳಿಗೂ ಹತ್ತಿತು. ಮುಸ್ಲಿಮ್ ನಗರಗಳಲ್ಲಿ ಮದ್ರಸಗಳು ಇರಬೇಕಾದಲ್ಲಿ ಅಲ್ಲಿ ಕೇರಿಗೊಂದರಂತೆ ಕತ್ತಿವರಸೆಯ ಶಾಲೆಗಳು ತೆರೆದವು. ಪ್ರತಿಯೊಬ್ಬನೂ ತಾನೇ ಶೂರ ಎನ್ನುವವನಾದ. ವಾದಕ್ಕೆ ವಾದ ಬೆಳೆದು, ಇಬ್ಬರು ಎದುರೆದುರು ನಿಂತು ಖಡ್ಗದಿಂದಲೇ ತೀರ್ಮಾನಿಸಿಕೊಳ್ಳುವ ದ್ವಂದ್ವಯುದ್ಧದ ಚಾಳಿ ಹಬ್ಬಿತು. ಸತ್ತವನಿಗಾಗಿ ಯಾರೂ ನ್ಯಾಯ ಕೇಳುವಂತಿರಲಿಲ್ಲ. ಈ ಚಾಳಿ ದಖ್ಖನಿನಾದ್ಯಂತ ಹರಡಿ, ದೊಡ್ಡ ಮನೆತನದವರನ್ನೂ ಓದಿದವರನ್ನೂ ಬಿಡಲಿಲ್ಲ. ಬಿಜಾಪುರದ ಬೀದಿಯಲ್ಲಿ ನರೆತ ಗಡ್ಡದ ಗಣ್ಯರು ಕ್ಷುಲ್ಲಕ ಕಾರಣಕ್ಕೆ ಖಡ್ಗ ಹಿರಿದು, ಸ್ವಲ್ಪ ಹೊತ್ತಿನಲ್ಲೇ ಹೆಣವಾದದ್ದನ್ನು ಫಿರಿಶ್ತಾ ಬಹಳ ಬೇಸರದಿಂದ ದಾಖಲಿಸಿದ್ದಾನೆ.

ಈ ಪುಟವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಅಲ್ಲಿ ಶಾಲೆಗಳಿದ್ದವು, ಗುರುಗಳಿದ್ದರು, ಕೌಶಲವೂ ಇತ್ತು. ಸೋತೆನೆಂದು ಒಪ್ಪಿಕೊಂಡು ಮನೆಗೆ ಹೋಗುವ ದಾರಿ ಮಾತ್ರ ಇರಲಿಲ್ಲ. ಅಂತಹ ದಾರಿಯಿಲ್ಲದ ತಾಲೀಮು ತಲವಾರಾಗಿಯೇ ಉಳಿಯುತ್ತದೆ.

ಮಂಗಳೂರು, 1784

ಖಡ್ಗದ ಚರಿತ್ರೆ ನಮ್ಮ ಊರಿನ ಮಣ್ಣಿನಲ್ಲಿಯೂ ಇದೆ. 1783ರ ಮೇಯಿಂದ 1784ರ ಜನವರಿಯವರೆಗೆ ಟಿಪ್ಪು ಸುಲ್ತಾನ್ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗಿದ್ದವನು ಕರ್ನಲ್ ಕ್ಯಾಂಪ್‌ಬೆಲ್. ಹಸಿವು ಮತ್ತು ರೋಗದಿಂದ ಸೋತ ಕಂಪೆನಿ ಸೇನೆ ಕೋಟೆಯನ್ನು ಒಪ್ಪಿಸಿದಾಗ ಅವರನ್ನು ಆಯುಧಗಳ ಸಹಿತ, ಸೈನಿಕ ಗೌರವದೊಂದಿಗೆ ತಲಶ್ಶೇರಿಯತ್ತ ಹೋಗಲು ಬಿಡಲಾಯಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಬೋಳೂರಿನಲ್ಲಿ ನದಿಯ ಕಡೆಗೆ ಮುಖ ಮಾಡಿ ನಿಂತಿರುವ ಸುಲ್ತಾನ್ ಬತ್ತೇರಿ ಅದೇ ಕಾಲದ್ದು. ಟಿಪ್ಪುವಿನ ಆಸ್ಥಾನದ ಝೈನುಲ್ ಆಬಿದೀನ್ ಶುಸ್ತರಿ ಸೇನೆಗಾಗಿ 'ಫತ್‌ಹುಲ್ ಮುಜಾಹಿದೀನ್' ಎಂಬ ತರಬೇತಿಯ ಕೈಪಿಡಿ ಬರೆದದ್ದೂ ಆ ವರ್ಷಗಳಲ್ಲಿಯೇ.

ಅದೇ 1784ರಲ್ಲಿ ಕೆನರಾದ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು ಎಂಬುದನ್ನೂ ನಾವು ಹೇಳಲೇಬೇಕು. ಫಳ್ನೀರಿನಲ್ಲಿ ನಮ್ಮ ಪಕ್ಕದ ಮನೆಗಳಲ್ಲಿ ಆ ಸೆರೆಯ ಕತೆ ಅಜ್ಜಿಯಿಂದ ಮೊಮ್ಮಕ್ಕಳಿಗೆ ಹರಿದು ಬಂದಿದೆ. ಸೋತ ಸೈನಿಕನಿಗೆ ಸಿಕ್ಕಿದ ಗೌರವವನ್ನು ಹೆಮ್ಮೆಯಿಂದ ಹೇಳುವ ನಾವು, ಆಯುಧವೇ ಇಲ್ಲದ ಕುಟುಂಬಗಳು ಘಟ್ಟ ಹತ್ತಿದ್ದನ್ನು ಮರೆಮಾಡಿದರೆ ಅದು ಚರಿತ್ರೆಯಾಗುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕಿದ ಖಡ್ಗ ಜನರಲ್ ಬೇರ್ಡ್‌ನ ಪಾಲಾಯಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಖಡ್ಗವನ್ನು ಹರಾಜಿನಲ್ಲಿ ಕೊಳ್ಳಬಹುದು, ವರಸೆಯನ್ನು ಕೊಳ್ಳಲಾಗದು. ವರಸೆ ಉಳಿಯುವುದು ಗುರುವಿನಿಂದ ಶಿಷ್ಯನಿಗೆ ಮಾತ್ರ. 1878ರ ಆಯುಧ ಕಾಯ್ದೆ ಖಡ್ಗವನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿತು. ಕೊಡವರಂತಹ ಕೆಲವರಿಗೆ ಮಾತ್ರ ವಿನಾಯಿತಿ ಇತ್ತು. ಆಯುಧದ ಮೇಲೆ ಕಟ್ಟುಪಾಡು ಬಂದರೂ ವಿದ್ಯೆ ಅಳಿಯಲಿಲ್ಲ. ಮಲಬಾರಿನಲ್ಲಿ ಕಳರಿಗಳಲ್ಲಿ ಉಳಿಯಿತು. ಮಾಪ್ಪಿಳ್ಳೆಯವರ ಕೋಲ್ಕಲಿಯ ಹೆಜ್ಜೆಗಳಲ್ಲಿ ಉಳಿಯಿತು. ತುಳುನಾಡಿನಲ್ಲಿ ಕೋಟಿ ಚೆನ್ನಯರ ಗರಡಿಗಳಲ್ಲಿ ಅದರ ನೆನಪು ಆರಾಧನೆಯಾಗಿ ಉಳಿಯಿತು. ನಮ್ಮ ಕಂಕನಾಡಿಯಲ್ಲಿಯೇ ಅಂತಹ ಒಂದು ಗರಡಿ ಇದೆ. ಪೇಟೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಕಲಿತ ತಾಲೀಮಿನಲ್ಲಿ, ಕೋಲು ಪಂಜುಗಳ ಆಟದಲ್ಲಿ ಉಳಿಯಿತು. ಅರಬಿ ಹೆಸರಿನ ಒಂದು ವಿದ್ಯೆ ದಸರಾ ಮೆರವಣಿಗೆಯ ಶೋಭೆಯಾಗಿರುವುದು ಮಂಗಳೂರಿನ ನಿಜವಾದ ಪರಿಚಯ.

ಕೊಲ್ಲುವ ಕತ್ತಿ ಕ್ರೀಡೆಯಾದದ್ದು

ಫಿರಿಶ್ತಾ ಕಂಡ ದ್ವಂದ್ವಯುದ್ಧದ ರೋಗ ಯುರೋಪಿನಲ್ಲಿಯೂ ಇತ್ತು. ಅಲ್ಲಿಯೂ ಮಾನದ ಹೆಸರಿನಲ್ಲಿ ಅಸಂಖ್ಯ ಯುವಕರು ಸತ್ತರು. ಆದರೆ ಅಲ್ಲಿಯ ಕತ್ತಿವರಸೆ ಗುರುಗಳು ಅಭ್ಯಾಸದ ಮನೆಯೊಳಗೆ ಬೇರೊಂದು ದಾರಿಯನ್ನು ಕಂಡುಕೊಂಡರು. ಹಗುರವಾದ ಅಭ್ಯಾಸದ ಕತ್ತಿಯ ತುದಿಗೆ ಮೊಗ್ಗಿನಂತಹ ಮೊಂಡು ಗುಂಡಿಯನ್ನು ಇಟ್ಟರು. ಮುಖಕ್ಕೆ ಗಾಯವಾಗದಂತೆ ಎದೆ, ಹೊಟ್ಟೆಯ ಭಾಗಕ್ಕೆ ಮಾತ್ರ ಗುರಿಯಿಡಬೇಕೆಂದರು. 1763ರಲ್ಲಿ ಇಟಲಿ ಮೂಲದ ಡೊಮೆನಿಕೊ ಏಂಜೆಲೊ ಲಂಡನ್ನಿನಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥ ಈ ವಿದ್ಯೆಯನ್ನು ಆರೋಗ್ಯ ಮತ್ತು ಶಿಸ್ತಿನ ವ್ಯಾಯಾಮವಾಗಿ ಜನಪ್ರಿಯಗೊಳಿಸಿತು. 18ನೇ ಶತಮಾನದ ಕೊನೆಯ ಭಾಗದಲ್ಲಿ ತಂತಿಬಲೆಯ ಮುಖವಾಡ ಬಂತು. ಅದರ ಶ್ರೇಯಸ್ಸನ್ನು ಪ್ಯಾರಿಸ್ಸಿನ ಗುರು ಲಾ ಬೊಯೆಸಿಯೇರ್‌ಗೆ ಕೊಡುತ್ತಾರೆ. ಅವನ ಶಿಷ್ಯ ಸೇಂಟ್ ಜಾರ್ಜ್, ಗ್ವಾಡೆಲೂಪ್ ದ್ವೀಪದ ಗುಲಾಮ ತಾಯಿಯ ಮಗ. ಯುರೋಪಿನ ಶ್ರೇಷ್ಠ ಖಡ್ಗಪಟುಗಳಲ್ಲಿ ಒಬ್ಬನೆಂದೂ ಸಂಗೀತ ರಚನಕಾರನೆಂದೂ ಹೆಸರು ಮಾಡಿದ.

ಆ ಕಾಲದ ಒಂದು ನಿಯಮವನ್ನು ಮುಖ್ಯವಾಗಿ ಗಮನಿಸಬೇಕು. ಎದುರಾಳಿಯ ಕತ್ತಿ ನಿಮ್ಮತ್ತ ಬರುತ್ತಿರುವಾಗ ನೀವೂ ಕುರುಡಾಗಿ ಚುಚ್ಚಿದರೆ ಅಂಕ ನಿಮ್ಮದಾಗುವುದಿಲ್ಲ. ಮೊದಲು ಅವನ ಅಲಗನ್ನು ತಡೆಯಬೇಕು, ಆಮೇಲೆ ಮರುದಾಳಿ. ನಿಜವಾದ ಕತ್ತಿಯಾಗಿದ್ದರೆ ಇಬ್ಬರೂ ಸಾಯುತ್ತಿದ್ದಿರಿ ಎಂಬುದನ್ನು ನೆನಪಿಸುವ ನಿಯಮವಿದು. ವಿದ್ಯುತ್ ಯಂತ್ರ ಬರುವ ಮುಂಚೆ ಇನ್ನೊಂದು ಸಂಪ್ರದಾಯವಿತ್ತು. ತಾಗಿಸಿಕೊಂಡವನೇ ತನಗೆ ತಾಗಿತೆಂದು ಕೂಗಿ ಹೇಳುವುದು ಸಜ್ಜನಿಕೆಯಾಗಿತ್ತು. ಅಹ್ಮದ್‌ನಗರದ ಶಾಲೆಗಳಲ್ಲಿ ಇಲ್ಲದೇ ಹೋದದ್ದು ಇದೇ.

1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದ ಇಂದಿನವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲಿಯೂ ಕತ್ತಿವರಸೆ ಇದೆ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಇದರಲ್ಲಿ ಮೂರು ಆಯುಧಗಳಿವೆ. ಫಾಯಿಲ್‌ನಲ್ಲಿ ತುದಿಯಿಂದ ಮುಂಡಕ್ಕೆ ಮಾತ್ರ ತಾಗಿಸಬೇಕು. ಎಪೆಯಲ್ಲಿ ದೇಹದ ಯಾವ ಭಾಗವಾದರೂ ಆದೀತು. ಸೇಬರ್‌ನಲ್ಲಿ ಸೊಂಟದಿಂದ ಮೇಲೆ, ತುದಿಯಿಂದಲೂ ಅಲಗಿನಿಂದಲೂ ತಾಗಿಸಬಹುದು. ಕುದುರೆ ಸವಾರರ ಬಾಗುಕತ್ತಿಯ ವಂಶದ್ದು ಈ ಸೇಬರ್. ನಮ್ಮ ತಲವಾರಿಗೆ ದೂರದ ನೆಂಟ. ಆಡುವ ಅಂಕಣ 14 ಮೀಟರ್ ಉದ್ದ. ಫಾಯಿಲ್ ಮತ್ತು ಸೇಬರ್ ಅರ್ಧ ಕಿಲೋಕ್ಕಿಂತ ಹಗುರ. 1982ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಮುರಿದ ಅಲಗು ಮುಖವಾಡವನ್ನು ಸೀಳಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಮೃತಪಟ್ಟ. ಆ ನಂತರ ಮುಖವಾಡ, ಉಡುಪು, ಅಲಗಿನ ಉಕ್ಕು ಎಲ್ಲದರ ಗುಣಮಟ್ಟವನ್ನೂ ಬಿಗಿಗೊಳಿಸಲಾಯಿತು. ಒಂದು ಸಾವನ್ನು ವಿಧಿಯೆಂದು ಬಿಡದೆ ನಿಯಮವನ್ನು ತಿದ್ದಿಕೊಂಡದ್ದರಿಂದಲೇ ಇದು ಇಂದು ಮಕ್ಕಳೂ ಆಡಬಹುದಾದ ಸುರಕ್ಷಿತ ಕ್ರೀಡೆಯಾಗಿದೆ.

ತಲಶ್ಶೇರಿಯಿಂದ ಟೋಕಿಯೊಗೆ

ಕ್ಯಾಂಪ್‌ಬೆಲ್‌ನ ಸೈನಿಕರು ಹೊರಟ ಅದೇ ತಲಶ್ಶೇರಿ, ಮಂಗಳೂರಿನಿಂದ ಎರಡು ಮೂರು ಗಂಟೆಗಳ ರೈಲು ಪ್ರಯಾಣದ ಊರು. ಅಲ್ಲಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತಿ ಪಡೆದ ಚೆನ್ನೈನ ಭವಾನಿ ದೇವಿ ಒಲಿಂಪಿಕ್ಸ್ ಕತ್ತಿವರಸೆಗೆ ಅರ್ಹತೆ ಪಡೆದ ಮೊದಲ ಭಾರತೀಯಳು. 2021ರ ಜುಲೈ 26ರಂದು ಟೋಕಿಯೊದಲ್ಲಿ ಟ್ಯುನೀಷಿಯದ ನಾದಿಯಾ ಬಿನ್ ಅಝೀಝಿಯನ್ನು 15-3ರಿಂದ ಗೆದ್ದು, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೊನ್ ಬ್ರೂನೆಗೆ 7-15ರಿಂದ ಸೋತರು. 2023ರಲ್ಲಿ ಚೀನಾದ ವುಷಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಶಾಲೆಯಲ್ಲಿ ಬೇರೆ ಆಟಗಳ ಸ್ಥಾನಗಳು ಭರ್ತಿಯಾಗಿದ್ದರಿಂದ ಅವರಿಗೆ ಸಿಕ್ಕಿದ್ದು ಕತ್ತಿವರಸೆ!

ಮುಸ್ಲಿಮ್ ಜಗತ್ತಿನ ಹೆಸರುಗಳೂ ಕಡಿಮೆಯಿಲ್ಲ. ಈಜಿಪ್ಟಿನ ಅಲಾವುದ್ದೀನ್ ಅಬುಲ್ ಕಾಸಿಮ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಈ ಕ್ರೀಡೆಯಲ್ಲಿ ಆಫ್ರಿಕಾ ಖಂಡಕ್ಕೆ ಅದೇ ಮೊದಲ ಪದಕ. 2016ರ ರಿಯೊದಲ್ಲಿ ಟ್ಯುನೀಷಿಯದ ಇನಾಸ್ ಬೂಬಕ್ರಿ ಕಂಚು ಪಡೆದರು. ಅದೇ ಕೂಟದಲ್ಲಿ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ಧರಿಸಿ ಅಮೆರಿಕದ ತಂಡದಲ್ಲಿ ಆಡಿ ಸೇಬರ್‌ನಲ್ಲಿ ತಂಡದ ಕಂಚು ಗೆದ್ದರು. ಮೈತುಂಬ ಬಟ್ಟೆಯಿರುವ ಆಟವೆಂದು ಮನೆಯವರು ಮೆಚ್ಚಿದ್ದರಿಂದ ಅವರು ಇದಕ್ಕೆ ಬಂದವರು. ಕ್ರೀಡೆ ಮತ್ತು ಉಡುಪಿನ ನಡುವೆ ಒಂದನ್ನೇ ಆರಿಸಿಕೊಳ್ಳಬೇಕೆಂಬ ಚಿಂತೆಯಲ್ಲಿರುವ ನಮ್ಮ ವಿದ್ಯಾರ್ಥಿನಿಯರಿಗೆ ಇದು ತಿಳಿದಿರಲಿ.

ವಯಸ್ಸಾದ ಮೇಲೆ ಕಲಿಯುವವರಿಗೆ

ಕತ್ತಿಕಾಳಗವನ್ನು ಇಷ್ಟಪಡುವವರು ನಮ್ಮಲ್ಲಿ ಬಹಳ ಮಂದಿ. 1960ರ 'ರಣಧೀರ ಕಂಠೀರವ'ದಲ್ಲಿ ರಾಜಕುಮಾರರ ಖಡ್ಗವನ್ನು ನೋಡಿ ಬೆಳೆದ ಹಿರಿಯರಿದ್ದಾರೆ. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪುವಿನ ಧಾರಾವಾಹಿ ಬಂದಾಗ ತೆಂಗಿನ ಮಡಲಿನ ಕತ್ತಿ ಮಾಡಿಕೊಂಡು ಅಂಗಳದಲ್ಲಿ ಕಾದಾಡಿದವರು ಈಗ ನಲವತ್ತು ದಾಟಿದ್ದಾರೆ. ಅಂಥವರಿಗೆ ಈ ವಿದ್ಯೆಯ ಬಾಗಿಲು ಮುಚ್ಚಿಲ್ಲ. ಐವತ್ತು ದಾಟಿದವರಿಗೂ ಎಪ್ಪತ್ತು ದಾಟಿದವರಿಗೂ ಪ್ರತ್ಯೇಕ ವಿಭಾಗಗಳಿರುವ ವಿಶ್ವ ಚಾಂಪಿಯನ್‌ಶಿಪ್ ಈ ಕ್ರೀಡೆಯಲ್ಲಿದೆ.

ಹೊಸಬರಿಗೆ ಮೊದಲು ಕಲಿಸುವುದು ಕತ್ತಿಯನ್ನಲ್ಲ, ಕಾಲನ್ನು. ಮುಂದಿನ ಪಾದ ಎದುರಾಳಿಯತ್ತ, ಹಿಂದಿನ ಪಾದ ಅಡ್ಡಕ್ಕೆ, ಮೊಣಕಾಲು ಬಾಗಿ ನಿಂತು ಹಿಂದೆ ಮುಂದೆ ಸರಿಯುವುದು. ಎರಡು ದಿನ ತೊಡೆ ನೋಯುತ್ತದೆ. ಆಮೇಲೆ ಹಿಡಿತ: ಹಕ್ಕಿಮರಿಯನ್ನು ಹಿಡಿದಂತೆ, ಹಾರಿಹೋಗದಷ್ಟು ಬಿಗಿಯಾಗಿ, ನೋಯದಷ್ಟು ಮೃದುವಾಗಿ. ಇಲ್ಲಿ ತೋಳ್ಬಲಕ್ಕಿಂತ ಅಂತರದ ಅಂದಾಜು ಮುಖ್ಯ. ಆದ್ದರಿಂದಲೇ ತಾಳ್ಮೆಯಿರುವ ಹಿರಿಯನೊಬ್ಬ ಅವಸರದ ಹುಡುಗನಿಗೆ ಅಂಕ ಕೊಡದೆ ಸತಾಯಿಸಬಲ್ಲ. ವಯಸ್ಸಾದವನಿಗೆ ಇಲ್ಲಿ ಸಿಗುವ ದೊಡ್ಡ ಸುಖವೆಂದರೆ ಮತ್ತೆ ಶಿಷ್ಯನಾಗುವುದು. ಮನೆಯಲ್ಲಿ ಯಜಮಾನ, ಕಚೇರಿಯಲ್ಲಿ ಸಾಹೇಬ ಎನಿಸಿಕೊಂಡವನು ಇಲ್ಲಿ ಹದಿನಾಲ್ಕರ ಹುಡುಗಿಯ ಮುಂದೆ ನಿಂತು, ಕತ್ತಿಯೆತ್ತಿ ವಂದಿಸಿ, ತಾಗಿಸಿಕೊಂಡು, ಆಟ ಮುಗಿದ ಮೇಲೆ ಮುಖವಾಡ ತೆಗೆದು ಮತ್ತೆ ವಂದಿಸಬೇಕು. ವಂದನೆ ಮಾಡದೆ ಆಟ ಆರಂಭವಾಗುವುದಿಲ್ಲ, ವಂದನೆ ಮಾಡದೆ ಮುಗಿಯುವುದೂ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದಲ್ಲಿ ಕತ್ತಿವರಸೆಯೂ ಇತ್ತು. ಅವಕಾಶ ದೂರದಲ್ಲಿಲ್ಲ. ನಮ್ಮ ಶಾಲಾ ಕಾಲೇಜುಗಳ ಕ್ರೀಡಾ ವಿಭಾಗದವರು ಮತ್ತು ಸಂಘದ ಹಿರಿಯರು ಮನಸ್ಸು ಮಾಡಿದರೆ ನಾಲ್ಕು ಮುಖವಾಡ, ನಾಲ್ಕು ಫಾಯಿಲ್, ಒಬ್ಬ ಅರ್ಹ ತರಬೇತುದಾರನಿಂದ ಆರಂಭಿಸಬಹುದು. ತಾಲೀಮು ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇರುವಾಗಲೇ ಅವರ ವರಸೆಗಳನ್ನು ಬರೆದಿಡುವ, ಚಿತ್ರೀಕರಿಸುವ ಕೆಲಸವನ್ನೂ ಇತಿಹಾಸದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು. ಆ ಹಿರಿಯರಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಸಿಟ್ಟು ಬಂದಾಗ ಕತ್ತಿ ಹುಡುಕುವ ಹುಡುಗ ಯಾವ ಸಮುದಾಯದವನಾದರೂ ಅವನಿಗೆ ಒಬ್ಬ ಗುರು ಸಿಗಲಿಲ್ಲ ಎಂದೇ ಅರ್ಥ. ಅಂಥ ಗುರುವನ್ನು ಒದಗಿಸುವುದು ವಿದ್ಯಾಸಂಘಗಳ ಕೆಲಸ. ಆ ಕೆಲಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ತಾಲೀಮು.